ಬೊಂಬೆಯ ಕೈ, ಗ್ರಾಫಿನ ಗೆರೆ

ಕಾಸರಗೋಡಿನ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘದ ಆಟ ನೋಡುತ್ತ ಕೂತರೆ ಸೂತ್ರ ಮರೆತುಹೋಗುತ್ತದೆ. ಕೆ.ವಿ. ರಮೇಶ್ ನಿರ್ದೇಶನದ ಈ ತಂಡ 1981ರಿಂದ ತೆಂಕುತಿಟ್ಟಿನ ವೇಷಗಳನ್ನು ಬೊಂಬೆಗಳಲ್ಲಿ ಕುಣಿಸುತ್ತ ಬಂದಿದೆ. ಪುಟ್ಟ ವೇಷವೊಂದು ಕೈಯೆತ್ತಿದರೆ ಅದೇ ಎತ್ತಿತು ಅನಿಸುತ್ತದೆ. ಆ ಒಂದು ಚಲನೆಯನ್ನು ಕಂಪ್ಯೂಟರಿನಲ್ಲಿ ಮಾಡಿ ನೋಡಿ, ಮೊದಲ ಸಲ ಯಾರಿಗೂ ಸರಿಬರುವುದಿಲ್ಲ.

ವಿಡಿಯೊ ಎಫೆಕ್ಟ್ಸ್ ಸಾಫ್ಟ್‌ವೇರಿಗೆ ನಾವು ಹೇಳುವುದು ಎರಡೇ ಮಾತು: ಈ ಫ್ರೇಮಿನಲ್ಲಿ ಕೈ ಸೊನ್ನೆ ಡಿಗ್ರಿಯಲ್ಲಿರಲಿ, ಒಂದು ಸೆಕೆಂಡಿನ ಮೇಲೆ 90ಕ್ಕೆ ಬರಲಿ. ಇವೇ ಕೀಫ್ರೇಮ್‌ಗಳು. ನಡುವಿನದನ್ನು ಸಾಫ್ಟ್‌ವೇರ್ ತುಂಬುತ್ತದೆ. ಹಿಂದೆ ಡಿಸ್ನಿ ಸ್ಟುಡಿಯೊದಲ್ಲಿ ಹಿರಿಯರು ಮುಖ್ಯ ಚಿತ್ರಗಳನ್ನು ಬರೆದುಕೊಟ್ಟರೆ ನಡುವಿನವನ್ನು ಸಹಾಯಕರು ಬಿಡಿಸುತ್ತಿದ್ದರು. ಈಗ ಆ ಕೆಲಸ ಗಣಿತದ್ದು.

ಬೇರೇನೂ ಹೇಳದಿದ್ದರೆ ಗಣಿತ ಸಮಪಾಲು ಮಾಡುತ್ತದೆ. ಸೆಕೆಂಡಿಗೆ 25 ಫ್ರೇಮಾದರೆ ಫ್ರೇಮಿಗೆ 3.6 ಡಿಗ್ರಿ. ಕಾಲಕ್ಕೆ ತಕ್ಕಂತೆ ಕೋನ ಬದಲಾಗುವುದನ್ನು ತೋರಿಸುವ ಗ್ರಾಫಿನಲ್ಲಿ ಇದು ನೆಟ್ಟನೆಯ ಓರೆಗೆರೆ. ನಿಂತಿದ್ದ ಕೈ ಒಂದೇ ಏಟಿಗೆ ಪೂರ್ತಿ ವೇಗ ಹಿಡಿದು, ಕೊನೆಗೆ ಗೋಡೆಗೆ ಬಡಿದಂತೆ ನಿಲ್ಲುತ್ತದೆ. ತೂಕವಿರುವ ಯಾವುದೂ ಹಾಗೆ ಚಲಿಸದು. ಬೊಂಬೆಯ ಕೈಗೂ ಜಡತ್ವವಿದೆ.

ಈ ಗ್ರಾಫನ್ನು ಓದುವುದು ಸುಲಭ. ಗೆರೆ ಕಡಿದಾಗಿದ್ದಲ್ಲಿ ವೇಗ, ಮಲಗಿದಲ್ಲಿ ನಿಧಾನ. ಗೆರೆಯನ್ನು ಬಾಗಿಸಲು ಕೀಫ್ರೇಮಿನ ಬದಿಗಳಲ್ಲಿ ಹಿಡಿಕೆಗಳಿರುತ್ತವೆ; ಅವನ್ನು ಎಳೆದು ಎರಡೂ ತುದಿಯಲ್ಲಿ ಗೆರೆಯನ್ನು ಮಲಗಿಸಿ. ಹಿಡಿಕೆಯ ಉದ್ದ ಒಟ್ಟು ಕಾಲದ ಮೂರನೇ ಒಂದರಷ್ಟಿರಲಿ. ಈಗ ಮೊದಲ ಫ್ರೇಮಿನಲ್ಲಿ ಕೈ ಕದಲುವುದು ಬರೀ 0.4 ಡಿಗ್ರಿ. ಐದು ಫ್ರೇಮಿಗೆ 9.4; ನೆಟ್ಟನೆಯ ಗೆರೆಯಲ್ಲಾದರೆ ಅಷ್ಟರೊಳಗೆ 18 ಆಗಿರುತ್ತಿತ್ತು. ನಟ್ಟನಡುವೆ ವೇಗ ಸರಾಸರಿಯ ಒಂದೂವರೆ ಪಟ್ಟು, ಆಮೇಲೆ ಇಳಿಮುಖ. ಹೊರಟ ಜಾಗ, ಸೇರಿದ ಜಾಗ, ಹಿಡಿದ ಸಮಯ ಯಾವುದೂ ಬದಲಾಗಿಲ್ಲ, ಆದರೂ ಕೈಗೆ ಜೀವ ಬಂದಿದೆ. ಹೀಗೆ ಬಾಗುವ ಗೆರೆಗೆ ಬೆಜಿಯೆ ವಕ್ರರೇಖೆ ಎಂದು ಹೆಸರು. 1960ರ ದಶಕದಲ್ಲಿ ಪಿಯರ್ ಬೆಜಿಯೆ ಎಂಬ ಎಂಜಿನಿಯರ್ ರೆನೋ ಕಾರುಗಳ ಮೈ ರೂಪಿಸಲು ಇದನ್ನು ಬಳಸಿದ್ದರು.

ಸೂತ್ರ ನಿಂತ ಮೇಲೂ ಬೊಂಬೆಯ ಕೈ ಕೊಂಚ ತೂಗುತ್ತದೆ. ಅದೂ ಬೇಕಿದ್ದರೆ ಗೆರೆ 90 ದಾಟಿ 94ಕ್ಕೆ ಹೋಗಿ ಹಿಂದಿರುಗಲಿ.

ಹಾಗೆಂದು ಸಿಕ್ಕಸಿಕ್ಕಲ್ಲೆಲ್ಲ ನುಣುಪು ಮಾಡಬಾರದು. ಚೆಂಡೆಯ ಕೋಲನ್ನು ನೋಡಿ. ಚರ್ಮ ಮುಟ್ಟುವ ಹೊತ್ತಿಗೇ ಅದು ಅತಿ ವೇಗದಲ್ಲಿರುತ್ತದೆ, ಮರುಕ್ಷಣ ಪುಟಿಯುತ್ತದೆ. ಅಲ್ಲಿ ಗೆರೆಯನ್ನು ಮಲಗಿಸಿದರೆ ಕೋಲು ಹತ್ತಿಯ ಮೇಲೆ ಇಳಿದಂತೆ ಕಾಣುತ್ತದೆ, ಕಿವಿಗೆ ಪೆಟ್ಟು ಕೇಳಿದರೂ ಕಣ್ಣು ಒಪ್ಪುವುದಿಲ್ಲ. ಆ ಕೀಫ್ರೇಮಿನ ಎರಡು ಹಿಡಿಕೆಗಳನ್ನು ಒಂದರಿಂದೊಂದು ಬಿಡಿಸಬೇಕು. ಕೋಲು ಮೇಲೇರಿ ತಿರುಗುವಲ್ಲಿ ಗೆರೆ ಗುಡ್ಡದ ನೆತ್ತಿಯಂತೆ ದುಂಡಗಿರಲಿ, ಚರ್ಮ ಮುಟ್ಟುವಲ್ಲಿ ಮೊನೆಯಿರಲಿ.