ಡೆಂಗಿ: ಜ್ವರ ಬಿಟ್ಟ ದಿನವೇ ಎಚ್ಚರ

ಮಳೆಗಾಲದಲ್ಲಿ ಮುಂಬೈಯ ಕಾಂದಿವಲಿಯಲ್ಲಿ ಮಗುವಿಗೆ ಡೆಂಗಿ ಎಂದು ಗೊತ್ತಾದರೆ ಸಾಕು, ನೆರೆಮನೆಯವರಿಂದ ಹಿಡಿದು ಊರಲ್ಲಿರುವ ಅಜ್ಜಿಯವರೆಗೆ ಎಲ್ಲರೂ ಕೇಳುವುದು ಒಂದೇ: ‘ಪ್ಲೇಟ್‌ಲೆಟ್ ಎಷ್ಟಿದೆ?’ ಪ್ಲೇಟ್‌ಲೆಟ್ ಇಳಿಯುವುದು ನಿಜ. ಆದರೆ ಮಕ್ಕಳ ಜೀವಕ್ಕೆ ಹೆಚ್ಚಾಗಿ ಕುತ್ತು ತರುವುದು ರಕ್ತನಾಳಗಳ ಸೋರಿಕೆ.

ಡೆಂಗಿಯೂ ನಮ್ಮ ಮಲೆನಾಡಿನ ಮಂಗನ ಕಾಯಿಲೆಯೂ ರಕ್ತಸ್ರಾವ ತರಬಲ್ಲ ವೈರಾಣು ಜ್ವರಗಳೇ. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು; ಅದನ್ನು ಹರಡುವುದು ಉಣುಗು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕಾಡು ಬೇಕಿಲ್ಲ. ಚಾಳಿನ ನೀರಿನ ಡ್ರಮ್ಮು, ಕಟ್ಟುತ್ತಿರುವ ಕಟ್ಟಡದ ಸ್ಲ್ಯಾಬಿನ ಮೇಲೆ ನಿಂತ ಮಳೆನೀರು, ಬಾಲ್ಕನಿಯ ಕುಂಡದ ತಟ್ಟೆ ಇದ್ದರೆ ಸಾಕು.

ಇನ್ನು ಸೋರಿಕೆಯ ವಿಚಾರ. ರಕ್ತನಾಳದ ಒಳಗೋಡೆಯ ಮೇಲೆ, ಬಾವಿಯ ಮೆಟ್ಟಿಲಿಗೆ ಹಬ್ಬಿದ ಪಾಚಿಯಂತೆ, ಸಕ್ಕರೆ ಮತ್ತು ಪ್ರೋಟೀನುಗಳ ತೆಳುವಾದ ಪದರವಿರುತ್ತದೆ. ಹೆಸರು ಗ್ಲೈಕೊಕ್ಯಾಲಿಕ್ಸ್. ರಕ್ತದ ನೀರಿನಂಶ ಹೊರಗೆ ಜಿನುಗದಂತೆ ತಡೆಯುವುದರಲ್ಲಿ ಅದರ ಪಾಲು ದೊಡ್ಡದು. ವೈರಾಣು ಹೊಕ್ಕ ಜೀವಕೋಶಗಳು ಎನ್‌ಎಸ್1 ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತವೆ. ಮೊದಲ ದಿನಗಳ ಡೆಂಗಿ ಪರೀಕ್ಷೆಯಲ್ಲಿ ಹುಡುಕುವುದು ಇದನ್ನೇ. ಈ ಎನ್‌ಎಸ್1 ತಾನೇ ನಾಳಗಳ ಸೋರಿಕೆಗೆ ಕಾರಣವಾಗಬಲ್ಲದು ಎಂಬುದನ್ನು 2015ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿದವು. ಮೈಯ ರಕ್ಷಣಾ ವ್ಯವಸ್ಥೆಯ ಅತಿರೇಕವೂ ಇದಕ್ಕೆ ಸೇರಿಕೊಳ್ಳುತ್ತದೆ.

ಈ ಹೊಡೆತಕ್ಕೆ ಗ್ಲೈಕೊಕ್ಯಾಲಿಕ್ಸ್ ಪದರ ಕಿತ್ತುಬಂದಾಗ ಅದರ ಚೂರುಗಳು ರಕ್ತದಲ್ಲಿ ತೇಲುತ್ತವೆ. ಅವುಗಳಲ್ಲೊಂದು ಸಿಂಡೆಕಾನ್-1. ಕೆರಳಿದ ನಾಳಗೋಡೆ ಆಂಜಿಯೊಪೊಯೆಟಿನ್-2 ಎಂಬ ಪ್ರೋಟೀನನ್ನೂ ಹೊರಬಿಡುತ್ತದೆ. ತೀವ್ರ ಡೆಂಗಿಯಲ್ಲಿ ಇವೆರಡೂ ಏರುತ್ತವೆ. ಯಾವ ಮಗುವಿನ ಸ್ಥಿತಿ ಬಿಗಡಾಯಿಸಬಹುದು ಎಂದು ಇವುಗಳಿಂದ ಮೊದಲೇ ತಿಳಿಯುವುದು ಸಂಶೋಧಕರ ಆಸೆ. ಸದ್ಯಕ್ಕೆ ಇವು ಬಡಾವಣೆಯ ಲ್ಯಾಬಿನಲ್ಲಿ ಸಿಗುವ ಪರೀಕ್ಷೆಗಳಲ್ಲ.

ಆದರೆ ಸೋರಿಕೆಯ ಸುಳಿವು ರಕ್ತಕಣಗಳನ್ನು ಎಣಿಸುವ ಸಾಮಾನ್ಯ ಸಿಬಿಸಿ ವರದಿಯಲ್ಲೇ ಇರುತ್ತದೆ. ಅದರಲ್ಲಿ ಪಿಸಿವಿ ಅಥವಾ ಹೆಮಟೊಕ್ರಿಟ್ ಎಂಬ ಸಾಲನ್ನು ನೋಡಿ. ರಕ್ತದಲ್ಲಿ ಕೆಂಪುಕಣಗಳ ಪಾಲು ಎಷ್ಟೆಂದು ಅದು ಹೇಳುತ್ತದೆ. ನೀರಿನಂಶ ಸೋರಿಹೋದರೆ ರಕ್ತ ಗಟ್ಟಿಯಾಗಿ ಈ ಅಂಕಿ ಏರುತ್ತದೆ. 35 ಇದ್ದದ್ದು 42ಕ್ಕೆ ಹೋದರೆ ಶೇ. 20ರ ಏರಿಕೆ, ಅದು ಗಂಭೀರ ಸೂಚನೆ. ಪ್ಲೇಟ್‌ಲೆಟ್ ಇಳಿಯುತ್ತ ಪಿಸಿವಿ ಏರುತ್ತಿದ್ದರೆ ವೈದ್ಯರು ಡ್ರಿಪ್ಪನ್ನು ಅಳೆದು ಕೊಡುತ್ತಾರೆ. ಕಡಿಮೆಯಾದರೆ ಮಗು ಶಾಕ್‌ಗೆ ಹೋಗಬಹುದು. ಹೆಚ್ಚಾದರೆ ಶ್ವಾಸಕೋಶದ ಸುತ್ತ ನೀರು ತುಂಬಬಹುದು.

ಮಕ್ಕಳ ಲೋಮನಾಳಗಳು ದೊಡ್ಡವರವಕ್ಕಿಂತ ಸುಲಭವಾಗಿ ಸೋರುತ್ತವೆ. ಸೋರಿಕೆ ಜೋರಾಗುವುದು ಸಾಮಾನ್ಯವಾಗಿ ಜ್ವರ ಇಳಿಯುವ ಹೊತ್ತಿಗೆ, ಅಂದರೆ 3ರಿಂದ 7ನೇ ದಿನದ ನಡುವೆ. ಅದು 24ರಿಂದ 48 ಗಂಟೆ ಇರುತ್ತದೆ. ಮನೆಯವರು ‘ಸದ್ಯ, ಜ್ವರ ಬಿಟ್ಟಿತು’ ಎಂದು ನಿಟ್ಟುಸಿರು ಬಿಡುವುದೂ ಆಗಲೇ. ಆ ಎರಡು ದಿನ ಮಗುವಿನ ಮೇಲಿನ ಕಣ್ಣು ತೆಗೆಯಬೇಡಿ. ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಒಸಡಿನಲ್ಲಿ ರಕ್ತ, ತಣ್ಣಗಾದ ಕೈಕಾಲು, ಕಡಿಮೆಯಾದ ಮೂತ್ರ, ಮಂಕು ಅಥವಾ ಚಡಪಡಿಕೆ: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ, ಹಳೆಯ ಸಿಬಿಸಿ ವರದಿಗಳನ್ನೆಲ್ಲ ಜೊತೆಗೊಯ್ಯಿರಿ.