‘ಮನೆಗೆ ಬೀಗ’ ಎಂಬ ಷರಾ

ಬಳ್ಳಾರಿಯಲ್ಲಿ ಅಂಚೆ ಬಂದಾಗಲೆಲ್ಲ ವಿಳಾಸದಾರ ತಪ್ಪದೆ ಸಿಗುತ್ತಿದ್ದ ಕಾಲವೊಂದಿತ್ತು. ದಕ್ಷಿಣ ಆಫ್ರಿಕಾದಲ್ಲಿ 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧದಲ್ಲಿ ಸೆರೆಸಿಕ್ಕವರನ್ನು ಬ್ರಿಟಿಷರು ಹಡಗು ಹತ್ತಿಸಿ ಸೇಂಟ್ ಹೆಲೆನಾ, ಬರ್ಮುಡಾ, ಸಿಲೋನ್‌ಗಳಿಗೆ ಸಾಗಿಸಿದರು. ಒಂದು ಪಾಲು ಇಂಡಿಯಾಕ್ಕೂ ಬಂತು. ಅವರನ್ನಿಟ್ಟ ಊರುಗಳ ಪಟ್ಟಿಯಲ್ಲಿ ಬಳ್ಳಾರಿಯೂ ಇದೆ. ಅವರ ಕಾಗದಗಳನ್ನು ಸೆನ್ಸಾರ್ ಅಧಿಕಾರಿ ಓದಿ, ಮುದ್ರೆ ಒತ್ತಿ ಮುಂದಕ್ಕೆ ಬಿಡುತ್ತಿದ್ದ. ಆ ಮುದ್ರೆಯಿರುವ ಲಕೋಟೆಗಳನ್ನು ಅಂಚೆಚೀಟಿ ಸಂಗ್ರಾಹಕರು ಇಂದಿಗೂ ಹುಡುಕುತ್ತಾರೆ. ಯುದ್ಧಕೈದಿಗಳ ಕಾಗದ, ಮನಿಯಾರ್ಡರ್, ಪಾರ್ಸೆಲ್‌ಗಳಿಗೆ ಅಂಚೆ ವೆಚ್ಚ ಹಾಕಕೂಡದೆಂದು 1899ರ ಹೇಗ್ ಒಪ್ಪಂದ ಹೇಳಿತ್ತು. ಮೊದಲ ಮಹಾಯುದ್ಧದಲ್ಲಿ ಬೋಯರರ ಬದಲು ತುರ್ಕಿ ಸೈನಿಕರು ಇದೇ ಊರಿಗೆ ಸೆರೆಯಾಗಿ ಬಂದರು.

ಬೀಗ ಬಿದ್ದದ್ದು ಹೊರಗಿನಿಂದ, ಮನುಷ್ಯ ಇದ್ದದ್ದು ಒಳಗೆ. ‘ಬಂದಿದ್ದೆವು, ನೀವು ಇರಲಿಲ್ಲ’ ಎಂಬ ಚೀಟಿ ಅವನಿಗೆ ಬರುವಂತಿರಲಿಲ್ಲ. ಸ್ವತಂತ್ರ ಭಾರತದ ಪ್ರಜೆಗೆ ಆ ಭಾಗ್ಯ ಇಲ್ಲ. ಅವನು ಹೊಲದಲ್ಲಿರುತ್ತಾನೆ, ಅಂಗಡಿಯಲ್ಲಿರುತ್ತಾನೆ, ಜೀನ್ಸ್ ಹೊಲಿಯುವ ಮಿಷಿನ್ನಿನ ಮುಂದಿರುತ್ತಾನೆ. ಅಂಚೆ ಮಾತ್ರ ಅವನನ್ನು ಮಧ್ಯಾಹ್ನ ಮನೆಯಲ್ಲೇ ಹುಡುಕುತ್ತದೆ.

ಈ ಹುಡುಕಾಟ ಬಿಗಿಯಾದದ್ದು 1877ರಲ್ಲಿ, ವಿ.ಪಿ.ಪಿ., ಅಂದರೆ ವ್ಯಾಲ್ಯೂ ಪೇಯಬಲ್ ಪೋಸ್ಟ್, ಶುರುವಾದಾಗ. ಸಾದಾ ಕಾಗದವನ್ನು ಬಾಗಿಲ ಸಂದಿಯಲ್ಲಿ ತೂರಿಸಬಹುದು, ಪಕ್ಕದ ಮನೆ ಅಜ್ಜಿಯ ಕೈಗೆ ಕೊಡಬಹುದು. ವಿ.ಪಿ. ಹಾಗಲ್ಲ. ಒಂದು ಕೈಯಲ್ಲಿ ದುಡ್ಡು, ಇನ್ನೊಂದು ಕೈಯಲ್ಲಿ ಗಂಟು. ಅಂಗಡಿಯವನಿಗೆ ಗಿರಾಕಿಯ ಗುರುತಿಲ್ಲ, ಗಿರಾಕಿಗೆ ಅಂಗಡಿಯವನ ಗುರುತಿಲ್ಲ. ನಡುವೆ ಸರ್ಕಾರ ನಿಂತು ಹಣ ವಸೂಲಿ ಮಾಡಿಕೊಡುವ ಈ ಏರ್ಪಾಡು ಹಳ್ಳಿಗೂ ಮಾರುಕಟ್ಟೆಯನ್ನು ತಂದಿತು. ಕನ್ನಡ ಪತ್ರಿಕೆಗಳ ಹಳೆಯ ಜಾಹೀರಾತುಗಳಲ್ಲಿ ‘ವಿ.ಪಿ. ಖರ್ಚು ಬೇರೆ’ ಎಂಬ ಸಾಲು ಕಾಣದ ಪುಟವೇ ಅಪರೂಪ. ಪಂಚಾಂಗ, ಕಾದಂಬರಿ, ಗಡಿಯಾರ, ಕೂದಲೆಣ್ಣೆ ಎಲ್ಲವೂ ಹಾಗೇ ಬರುತ್ತಿದ್ದವು, ಜನ ಅವನ್ನು ‘ಬಿಡಿಸಿಕೊಳ್ಳುತ್ತಿದ್ದರು’.

ಜಗಳವೂ ಅಲ್ಲಿಂದಲೇ. ಕೇಳದೆ ಇದ್ದವರಿಗೆ ಗಂಟು ಕಳಿಸಿ ದುಡ್ಡು ಕೀಳುವ ಚಾಲಾಕಿಗಳು ಹುಟ್ಟಿಕೊಂಡರು. ತರಿಸಿದವರಲ್ಲೂ ಕೆಲವರು ಅಂಚೆಯವನು ಬಾಗಿಲಿಗೆ ಬಂದಾಗ ‘ಒಲ್ಲೆ’ ಎಂದು ಕೈ ತೊಳೆದುಕೊಂಡರು. ದುಡ್ಡು ಕಟ್ಟುವ ಮೊದಲು ಒಡೆದು ನೋಡುವಂತಿಲ್ಲ. ಹೀಗಾಗಿ ರೇಡಿಯೊ ತರಿಸಿದವನ ಪೆಟ್ಟಿಗೆಯಲ್ಲಿ ಇಟ್ಟಿಗೆ ಬಂದ ಕಥೆ ಪ್ರತಿ ಊರಿಗೂ ಒಂದೊಂದಿದೆ. ಕೇಳದವರಿಗೆ ಗಂಟು ಕಳಿಸುವ ರಗಳೆಗೆ 1898ರ ಅಂಚೆ ಕಾಯಿದೆ ಮದ್ದು ಹುಡುಕಿತು. ಗಿರಾಕಿ ನಿಜವಾಗಿ ಕೇಳಿದ್ದಕ್ಕೇ ಕಳಿಸುತ್ತಿದ್ದೇನೆ ಎಂದು ಕಳಿಸುವವನಿಂದ ಬರೆಸಿಕೊಳ್ಳಲು ಅದು ದಾರಿ ಮಾಡಿತು. ಅದೇ ಕಾಯಿದೆಯ 6ನೇ ಕಲಮು, ವಸ್ತು ಕಳೆದರೆ, ತಡವಾದರೆ, ಕೆಟ್ಟರೆ ಸರ್ಕಾರ ಹೊಣೆಯಲ್ಲ ಎಂದಿತು. ಕಳಿಸಿದವನಿಗೆ ರಸೀದಿ ಸಿಕ್ಕಿತು, ಇಲಾಖೆಗೆ ರಕ್ಷಣೆ ಸಿಕ್ಕಿತು. ಪಡೆಯುವವನ ಪಾಲಿಗೆ ಬಂದದ್ದು ಅಂಚೆ ಕಚೇರಿಗೆ ಅಲೆದಾಟ.

ಆಮೇಲೆ ಬದಲಾದದ್ದೆಲ್ಲ ವಿಳಾಸವೇ. 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ ಮದ್ರಾಸಿನಿಂದ ಮೈಸೂರಿಗೆ ಸೇರಿದವು. 1972ರ ಆಗಸ್ಟ್ 15ರಂದು ಶ್ರೀರಾಮ ಭಿಕಾಜಿ ವೇಲಣಕರ್ ರೂಪಿಸಿದ ಪಿನ್‌ಕೋಡ್ ಬಂತು. ಬಳ್ಳಾರಿಗೆ 583101, ಕುರುಗೋಡಿಗೆ 583116, ಸಿರುಗುಪ್ಪಕ್ಕೆ 583121. ಬಳ್ಳಾರಿ ತಾಲ್ಲೂಕಿನೊಳಗಿದ್ದ ಕುರುಗೋಡು ತಾನೇ ತಾಲ್ಲೂಕಾಯಿತು. ಈಗ 2025ರಲ್ಲಿ ಬಂದ ಡಿಜಿಪಿನ್ ದೇಶವನ್ನು ನಾಲ್ಕು ಮೀಟರ್ ಅಗಲದ ಚೌಕಗಳಾಗಿ ಕತ್ತರಿಸಿ, ಒಂದೊಂದಕ್ಕೂ ಹತ್ತು ಅಕ್ಷರದ ಗುರುತು ಕೊಟ್ಟಿದೆ. ನಿಮ್ಮ ಮನೆಯ ಹೊಸ್ತಿಲು ಎಲ್ಲಿದೆ ಎಂಬುದು ಇಲಾಖೆಗೆ ಗೊತ್ತು. ನೀವು ಎಷ್ಟು ಹೊತ್ತಿಗೆ ಮನೆಗೆ ಬರುತ್ತೀರಿ ಎಂದು ಕೇಳುವ ಅಂಕಣ ಮಾತ್ರ ಯಾವ ಫಾರ್ಮಿನಲ್ಲೂ ಇಲ್ಲ.

ನಮ್ಮ ಸೀಮೆಯ ಒಂದು ಅಂಚೆ ಕಚೇರಿಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ, ಊರಿನ ಹೆಸರು ಬೇಡ. ಮೊಬೈಲಿನಲ್ಲಿ ‘ಡೋರ್ ಲಾಕ್ಡ್’ ಎಂದು ಬಂದಿತ್ತು. ಬೆಳಿಗ್ಗೆ ಹೋಗಿ ಕಂಬಿಯ ಕಿಂಡಿಯೊಳಗೆ ನಂಬರು ತೋರಿಸಿದೆ.

‘ಬೀಟಿಗೆ ತಗೊಂಡು ಹೋಗ್ಯಾರ್ರೀ, ನಿಮ್ಮ ಮನೀಗೇ.’

‘ನಾನು ಇಲ್ಲೇ ಇದ್ದೀನಲ್ರೀ?’

‘ಅದಕ್ಕs ಮತ್ತ ಬೀಗ ಅಂತ ಬರೀತಾರ.’

ಗುಮಾಸ್ತರು ತಮಾಷೆ ಮಾಡುತ್ತಿರಲಿಲ್ಲ. ಪೋಸ್ಟ್‌ಮ್ಯಾನ್ ಮಧ್ಯಾಹ್ನ ಮೇಲೆ ವಾಪಸು ಬಂದು ಗಂಟನ್ನು ಒಪ್ಪಿಸುವ ಹೊತ್ತಿಗೆ ಕೌಂಟರ್ ಮುಚ್ಚುವ ತಯಾರಿ. ಪಕ್ಕದ ಸಾಲಿನಲ್ಲಿ ಒಬ್ಬ ಹೆಣ್ಣುಮಗಳು ಆಧಾರ್ ಹಿಡಿದು ನಿಂತಿದ್ದಳು. ಪಾರ್ಸೆಲ್ ಮೇಲೆ ತವರಿನ ಇನಿಷಿಯಲ್, ಆಧಾರ್ ಕಾರ್ಡಿನಲ್ಲಿ ಗಂಡನ ಹೆಸರು. ‘ಇದು ನಿಮ್ಮದs ಅಂತ ಹೆಂಗ ನಂಬೋದವ್ವಾ?’ ಎಂದರು. ಕಳಿಸಿದವಳು ಅವಳ ಸ್ವಂತ ಅಕ್ಕ.

ಪೋಸ್ಟ್‌ಮ್ಯಾನ್‌ಗಳನ್ನು ಬೈದು ಪ್ರಯೋಜನವಿಲ್ಲ. ಸಿರುಗುಪ್ಪ, ಕುರುಗೋಡು ಸುತ್ತಲಿನ ಹಳ್ಳಿಗಳಲ್ಲಿ ಅಂಚೆ ನಡೆಸುವವರು ಗ್ರಾಮೀಣ ಡಾಕ್ ಸೇವಕರು. ಅವರಿಗೆ ಇಲಾಖೆ ಲೆಕ್ಕ ಹಾಕುವುದು ದಿನಕ್ಕೆ ನಾಲ್ಕೈದು ಗಂಟೆಯ ಕೆಲಸ. ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾದರೆ, ಮೆಣಸಿನಕಾಯಿ ಬಿಡಿಸುವ ಕಾಲ ಬಂದರೆ, ಹಗಲಲ್ಲಿ ಓಣಿಗೆ ಓಣಿಯೇ ಖಾಲಿ. ಅಂಚೆ ತೆರೆದಿರುವ ಹೊತ್ತೂ ಜನ ಹೊಲದಲ್ಲಿರುವ ಹೊತ್ತೂ ಒಂದೇ. ಸಂಜೆ ಜನ ಮನೆಗೆ ಬರುವಾಗ ಅಂಚೆ ಕಚೇರಿಗೇ ಬೀಗ. ಪಟ್ಟಣದಲ್ಲೂ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳ ಪಾಡು ಇದೇ. ಖಾಸಗಿ ಕೊರಿಯರ್ ಹುಡುಗನಾದರೂ ಗೇಟಿನ ಮುಂದೆ ನಿಂತು ಫೋನ್ ಮಾಡಿ, ‘ಎದುರುಮನ್ಯಾಗ ಕೊಡ್ಲೇನ್ರೀ?’ ಎಂದು ಕೇಳುತ್ತಾನೆ.

ಹಳೆಯ ಕಾಯಿದೆ ಹೋಗಿ 2023ರ ಅಂಚೆ ಕಚೇರಿ ಕಾಯಿದೆ 2024ರ ಜೂನ್ 18ರಿಂದ ಜಾರಿಗೆ ಬಂತು. ಹೊಣೆಯಿಲ್ಲ ಎಂಬ ಹಳೆಯ ರಕ್ಷಣೆ 10ನೇ ಕಲಮಿನಲ್ಲಿ ಹೊಸ ರೂಪದಲ್ಲಿ ಮುಂದುವರಿದಿದೆ. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ಕರಗಿತು. ಮರುತಿಂಗಳು ಒಟಿಪಿ ಹೇಳಿದವರಿಗೇ ಬಟವಾಡೆ ಎಂಬ ಸೌಲಭ್ಯ ಬಂತು, ಅದಕ್ಕೆ ಐದು ರೂಪಾಯಿ. ಅದೂ ಕಳಿಸುವವನ ಧೈರ್ಯಕ್ಕೆ. ವೇಗ ಬಂತು, ಭದ್ರತೆ ಬಂತು, ವೇಳೆ ಮಾತ್ರ 1877ರದ್ದೇ ಉಳಿಯಿತು.

ಇಲಾಖೆಯನ್ನು ನಾನು ಕೇಳುವುದು ದೊಡ್ಡದೇನಲ್ಲ. ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಪಾರ್ಸೆಲ್ ಬಿಡಿಸಿಕೊಳ್ಳಲು ಒಂದು ಕಿಂಡಿ ರಾತ್ರಿ ಎಂಟರವರೆಗೆ ತೆರೆದಿರಲಿ. ‘ಬೀಗ’ ಎಂದು ಒಮ್ಮೆ ಬರೆದ ಗಂಟನ್ನು ಮರುದಿನ ಬೀಟಿಗೆ ಒಯ್ಯುವ ಮೊದಲು ಒಂದು ಫೋನ್ ಮಾಡಲಿ. ಅಲ್ಲಿಯವರೆಗೆ ಓದುಗರಿಗೆ ಒಂದು ಮಾತು. ಗಂಟನ್ನು ಸಾಮಾನ್ಯವಾಗಿ ಏಳು ದಿನ ಮಾತ್ರ ಇಟ್ಟುಕೊಳ್ಳುತ್ತಾರೆ, ಆಮೇಲೆ ಕಳಿಸಿದವರಿಗೇ ವಾಪಸು. ನಿಮಗೆ ಹೋಗಲು ಆಗದಿದ್ದರೆ ಮನೆಯವರೊಬ್ಬರಿಗೆ ಸಹಿ ಮಾಡಿದ ಅಧಿಕಾರ ಪತ್ರ ಬರೆದುಕೊಡಿ, ಅವರು ಬಿಡಿಸಿಕೊಂಡು ಬರಬಹುದು.