ಎದೆಬಡಿತ ತಪ್ಪಿದಂತಾದರೆ: ಹೆದರಿಕೆ ಬೇಡ, ಅಲಕ್ಷ್ಯವೂ ಬೇಡ

ಶಿರಗುಪ್ಪಿ ಭಾಗದ ಹೈನುಗಾರ ಬಂಧುಗಳೇ,

ಬೆಳಗಿನ ಜಾವ ಹಾಲು ಹಿಂಡುವಾಗ ಅಥವಾ ರಾತ್ರಿ ಮಲಗಿದಾಗ ಎದೆ ‘ಧಸಕ್’ ಎಂದು, ಬಡಿತ ಒಮ್ಮೆ ನಿಂತು ಶುರುವಾದಂತೆ ಅನಿಸುವುದುಂಟು. ನಿಜವಾಗಿ ಬಡಿತ ನಿಂತಿರುವುದಿಲ್ಲ. ಒಂದು ಬಡಿತ ಅವಧಿಗೆ ಮುಂಚೆಯೇ ಬಂದಿರುತ್ತದೆ. ಅದರ ಹಿಂದೆ ಚಿಕ್ಕ ವಿರಾಮ. ಆಗ ಹೃದಯದಲ್ಲಿ ಹೆಚ್ಚು ರಕ್ತ ತುಂಬಿ, ಮುಂದಿನ ಬಡಿತ ಜೋರಾಗಿ ತಿಳಿಯುತ್ತದೆ.

ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುವ ಹೃದಯದಲ್ಲಿ ಇಂಥ ಕೆಲವು ಬಡಿತ ಆರೋಗ್ಯವಂತರಲ್ಲೂ ಸಹಜ. ಆಕಳು ಈಯುವ ರಾತ್ರಿಯ ನಿದ್ದೆಗೇಡು, ಚಿಂತೆ, ಮೇಲಿಂದ ಮೇಲೆ ಚಹಾ, ತಂಬಾಕು, ಮದ್ಯ ಇದನ್ನು ಹೆಚ್ಚಿಸಬಹುದು. ರಕ್ತಹೀನತೆ, ಥೈರಾಯ್ಡ್ ತೊಂದರೆ, ವಾಂತಿಭೇದಿಯಿಂದ ಪೊಟ್ಯಾಸಿಯಂ ಇಳಿಯುವುದೂ ಕಾರಣವಾಗಬಹುದು.

ವೈದ್ಯರನ್ನು ಯಾವಾಗ ಕಾಣಬೇಕು?

• ಪದೇ ಪದೇ ಆಗುತ್ತಿದ್ದರೆ, ದುಡಿಯುವಾಗ ಹೆಚ್ಚಾದರೆ
• ಮೊದಲೇ ಹೃದಯದ ಕಾಯಿಲೆ ಇದ್ದರೆ
• ಮನೆತನದಲ್ಲಿ ಚಿಕ್ಕ ವಯಸ್ಸಿನವರು ದಿಢೀರನೆ ತೀರಿಕೊಂಡಿದ್ದರೆ

ಜತೆಗೆ ಎದೆನೋವು, ಉಸಿರಾಟದ ತೊಂದರೆ ಇದ್ದರೆ ಅಥವಾ ಎಚ್ಚರ ತಪ್ಪಿದರೆ ಕಾಯದೆ 108ಕ್ಕೆ ಕರೆ ಮಾಡಿ.

ಇಸಿಜಿ ಕೆಲವೇ ಸೆಕೆಂಡುಗಳ ಬಡಿತ ತೋರಿಸುತ್ತದೆ. ಅದರಲ್ಲಿ ಸಿಗದಿದ್ದರೆ 24 ಗಂಟೆಯ ಹೋಲ್ಟರ್ ಪರೀಕ್ಷೆ ಇದೆ. ಹೃದಯದ ಕೆಳಕೋಣೆಯ ಅಕಾಲಿಕ ಬಡಿತಗಳು 100ಕ್ಕೆ 10ಕ್ಕಿಂತ ಹೆಚ್ಚಾಗಿ ಬಹುಕಾಲ ಮುಂದುವರಿದರೆ ಹೃದಯದ ಸ್ನಾಯು ಸೋಲಬಹುದು. ಅದಕ್ಕೂ ಚಿಕಿತ್ಸೆಯಿದೆ.

ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ 1 ನಿಮಿಷ ನಾಡಿ ಎಣಿಸಿ. ಯಾವಾಗ, ಎಷ್ಟು ಸಲ ತಪ್ಪಿತೆಂದು ಬರೆದಿಟ್ಟು ವೈದ್ಯರಿಗೆ ತೋರಿಸಿ. ನೀವಾಗಿ ಮಾತ್ರೆ ತೆಗೆದುಕೊಳ್ಳಬೇಡಿ, ನುಂಗುತ್ತಿರುವ ಮಾತ್ರೆ ಬಿಡಲೂ ಬೇಡಿ.